ಮೊಮ್ಮಗಳ ಸವಾರಿಗೊಂದು ಸೈಕಲ್ಲು

‘ಸೈಕಲ್ಲು ಕೊಳ್ಳುವುದಕ್ಕೂ ಒಂದು ಲೇಖನ ಬೇಕೇ?’ ಎಂದು ಸ್ಮರಣ ಸಂಚಿಕೆಯ ಈ ಪುಟವನ್ನು ತೆರೆದ ಪ್ರತಿನಿಧಿ ಬಂಧುಗಳು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಕಾರು ಕೊಳ್ಳುವ ಮುನ್ನ ನಾವು ತಿಂಗಳುಗಟ್ಟಲೆ ಯೋಚಿಸುತ್ತೇವೆ, ಬಂಧುಮಿತ್ರರನ್ನು ವಿಚಾರಿಸುತ್ತೇವೆ, ನಾಲ್ಕು ಕಡೆ ಅಲೆದು ಚೌಕಾಸಿ ಮಾಡುತ್ತೇವೆ. ಸೈಕಲ್ಲಿನ ವಿಷಯ ಬಂದಾಗ ಮಾತ್ರ, ಹಾಲು ತರಕಾರಿ ತರಲು ಹೋದ ದೊಡ್ಡ ಅಂಗಡಿಯಲ್ಲೇ ಸಾಲಾಗಿ ನಿಲ್ಲಿಸಿದವುಗಳ ಪೈಕಿ ಅತ್ಯಂತ ಕಡಿಮೆ ಬೆಲೆಯದನ್ನು ಆರಿಸಿ, ಕಾರಿನ ಹಿಂಬದಿಗೆ ತುರುಕಿಕೊಂಡು ಮನೆಗೆ ಬರುತ್ತೇವೆ. ಒಬ್ಬರೇ ತುಳಿಯುವುದಾದರೆ ಅದರಿಂದ ಅಂಥ ಪ್ರಮಾದವೇನೂ ಆಗಲಾರದು. ಆದರೆ ಹಿಂದೆ ಒಂದು ಎಳೆಯ ಮಗುವನ್ನು ಕೂರಿಸಿಕೊಳ್ಳುವ ಉದ್ದೇಶವಿದ್ದಾಗ ಅದೇ ಆತುರ ಎಷ್ಟು ದುಬಾರಿಯಾದೀತೆಂಬುದನ್ನು ನಾನು ಅನುಭವದಿಂದ ಬಲ್ಲೆ. ಆ ಅನುಭವವನ್ನೂ, ಮೂವತ್ತು ವರ್ಷಗಳ ಬಳಿಕ ಅದರಿಂದ ನಾನು ಕಲಿತ ಪಾಠವನ್ನೂ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಹಿಮ್ಮಡಿಯ ಗುರುತು, ಗಲ್ಲದ ಗುರುತು

ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ತಂದೆಯವರು ಶಾಲಾ ಉಪಾಧ್ಯಾಯರಾಗಿದ್ದರು. ಅವರಲ್ಲಿ 28 ಇಂಚಿನ ಚಕ್ರದ ಕಪ್ಪು ಸೈಕಲ್ಲೊಂದಿತ್ತು. ಆಯುಧಪೂಜೆಯ ದಿನ ಅದಕ್ಕೆ ಚೆಂಡು ಹೂವಿನ ಹಾರ, ಹ್ಯಾಂಡಲ್ಲಿಗೆ ಕುಂಕುಮ, ಚಕ್ರದಡಿ ನಿಂಬೆಹಣ್ಣು. ನಾನು ಸೈಕಲ್ಲು ಕಲಿತದ್ದೂ ಅದರಲ್ಲೇ. ಸೀಟಿನ ಮೇಲೆ ಕೂತರೆ ಕಾಲು ಎಟುಕದಿದ್ದುದರಿಂದ ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲು ತುಳಿದು, ಮೊಣಕಾಲು ಕೆತ್ತಿಸಿಕೊಂಡೇ ಕಲಿತೆ. ಈ ಸಮ್ಮೇಳನಕ್ಕೆ ಬಂದಿರುವ ನನ್ನ ವಯಸ್ಸಿನವರಲ್ಲಿ ಅನೇಕರ ಮೊಣಕಾಲುಗಳಿಗೆ ಈ ಕಥೆ ಚೆನ್ನಾಗಿ ನೆನಪಿರಬಹುದು.

ಅದಕ್ಕೂ ಮೊದಲು, ನಾನು ಆರು ವರ್ಷದವನಾಗಿದ್ದಾಗ, ತಂದೆಯವರ ಹಿಂದೆ ಕ್ಯಾರಿಯರಿನ ಮೇಲೆ ಕುಳಿತು ಸಂತೆಗೆ ಹೋಗುತ್ತಿದ್ದೆ. ತೂಕಡಿಕೆ ಬಂದು ಕಾಲು ಜೋತುಬಿದ್ದಿತು. ಬಲ ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಆ ಗಾಯದ ಗುರುತು ಇಂದಿಗೂ ಇದೆ. ತಂದೆಯವರು ಆ ದಿನ ನನ್ನನ್ನು ಹೊತ್ತುಕೊಂಡು ಆಸ್ಪತ್ರೆಗೆ ನಡೆದದ್ದನ್ನೂ, ಮುಂದೆ ಎಷ್ಟೋ ವರ್ಷ ಆ ಮಾತು ಬಂದಾಗಲೆಲ್ಲ ಅವರು ಮೌನವಾಗುತ್ತಿದ್ದುದನ್ನೂ ನಾನು ಮರೆತಿಲ್ಲ. ಆ ಮೌನದ ಅರ್ಥ ನನಗಾದದ್ದು ಬಹಳ ತಡವಾಗಿ.

1984ರಲ್ಲಿ ನಾನು ಈ ದೇಶಕ್ಕೆ ಬಂದೆ. ಶಿಕಾಗೋ ನಗರದ ಪಶ್ಚಿಮದ ಬಡಾವಣೆಯೊಂದರಲ್ಲಿ ಮನೆ ಮಾಡಿದೆವು. 1993ರ ಬೇಸಿಗೆಯಲ್ಲಿ ಮಗಳಿಗೆ ಮೂರು ವರ್ಷ. ದೊಡ್ಡ ಅಂಗಡಿಯೊಂದರಿಂದ ಅತಿ ಅಗ್ಗದ ಸೈಕಲ್ಲನ್ನೂ, ಹಿಂಬದಿಗೆ ಬಿಗಿಯುವ ಮಕ್ಕಳ ಸೀಟನ್ನೂ ಕೊಂಡು ತಂದೆ. ಎತ್ತರದ ಬಾರಿನ ಸೈಕಲ್ಲು. ಪಕ್ಕಕ್ಕೊಂದು ಒಂಟಿಕಾಲಿನ ಸ್ಟ್ಯಾಂಡು. ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಸೀಟಿನಲ್ಲಿ ಕೂರಿಸಿ, ಪಟ್ಟಿ ಬಿಗಿದು, ಸೈಕಲ್ಲನ್ನು ಆ ಒಂಟಿಕಾಲಿನ ಮೇಲೆ ಬಿಟ್ಟು, ಗ್ಯಾರೇಜಿನ ಕಪಾಟಿನಲ್ಲಿದ್ದ ಅವಳ ಹೆಲ್ಮೆಟ್ಟನ್ನು ತರಲು ನಾಲ್ಕು ಹೆಜ್ಜೆ ಹೋದೆ. ಅಷ್ಟರಲ್ಲಿ ಅವಳು ಅಳಿಲೊಂದನ್ನು ನೋಡಲು ಪಕ್ಕಕ್ಕೆ ವಾಲಿದಳು. ಸೈಕಲ್ಲು ಮಗುವಿನ ಸಮೇತ ಉರುಳಿತು. ಗಲ್ಲಕ್ಕೆ ಮೂರು ಹೊಲಿಗೆ ಬಿದ್ದವು. ಸೈಕಲ್ಲು ಒಂದು ಅಡಿಯೂ ಚಲಿಸಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಆ ಸೀಟನ್ನು ಅಂದೇ ಬಿಚ್ಚಿದೆ. ಮಗಳು ಸೈಕಲ್ಲಿನಿಂದ ದೂರವೇ ಬೆಳೆದಳು.

2023ರ ವಸಂತದಲ್ಲಿ ಮೊಮ್ಮಗಳಿಗೆ ಎರಡೂವರೆ ವರ್ಷ ತುಂಬಿತು. ನಿವೃತ್ತನಾದ ನನಗೆ ಅವಳನ್ನು ಸೈಕಲ್ಲಿನಲ್ಲಿ ಸುತ್ತಾಡಿಸುವ ಆಸೆ ಮತ್ತೆ ಚಿಗುರಿತು. ಮಗಳ ಮುಂದೆ ಮೆಲ್ಲಗೆ ವಿಷಯವೆತ್ತಿದೆ. ಅವಳು ಏನೂ ಹೇಳದೆ ಗಲ್ಲವನ್ನು ಬೆರಳಿನಿಂದ ಮುಟ್ಟಿಕೊಂಡಳು. ಅನಂತರ, “ಅಪ್ಪಾ, ನೀವು ಅವಳನ್ನು ಎಲ್ಲಿಗೆ ಬೇಕಾದರೂ ನಡೆಸಿಕೊಂಡು ಹೋಗಿ. ಸೈಕಲ್ಲು ಮಾತ್ರ ಬೇಡ,” ಎಂದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾದಿಸಬಹುದಿತ್ತು.

ಬೇಡವೆಂದ ಮೇಲೆ ಮಗುವನ್ನು ಕೂರಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ಸರಿಯಾದ ಸೈಕಲ್ಲು ಯಾವುದೆಂಬುದನ್ನು ಈ ಸಲವಾದರೂ ತಿಳಿಯಬೇಕೆಂಬ ಹಠ ಹುಟ್ಟಿತು. ಒಟ್ಟು ಖರ್ಚು 600 ಡಾಲರನ್ನು ಮೀರಬಾರದೆಂದು ಮನೆಯಾಕೆ ಮಿತಿ ಹಾಕಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ನಾನು ಮೂರು ತಿಂಗಳು ಅಲೆದೆ, ಓದಿದೆ, ರಿಪೇರಿಯವರ ಬಳಿ ನಿಂತು ಕೇಳಿದೆ.

ಯಾವ ವಯಸ್ಸಿಗೆ ಯಾವ ಏರ್ಪಾಡು?

ಮೊದಲ ಪ್ರಶ್ನೆ ಸೈಕಲ್ಲಿನದಲ್ಲ, ಮಗುವಿನದು. ಒಂದು ವರ್ಷ ತುಂಬದ ಕೂಸನ್ನು ಸೈಕಲ್ಲಿನ ಮೇಲೆ ಒಯ್ಯಲೇಬಾರದೆಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಂಸ್ಥೆಯ ಮಕ್ಕಳ ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಬೆನ್ನಿಗೋ ಎದೆಗೋ ಚೀಲದಲ್ಲಿ ಕಟ್ಟಿಕೊಂಡು ಸವಾರಿ ಮಾಡುವುದಂತೂ ಸರ್ವಥಾ ಸಲ್ಲದು. ಮಗು ಯಾವ ಆಸರೆಯೂ ಇಲ್ಲದೆ ನೆಟ್ಟಗೆ ಕೂರಬೇಕು. ಹಗುರವಾದ ಹೆಲ್ಮೆಟ್ಟಿನ ಭಾರವನ್ನು ಅದರ ಕುತ್ತಿಗೆ ತಾಳಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಇದು ಕೇವಲ ಸಲಹೆಯಲ್ಲ, ಕಾನೂನು: ವರ್ಷ ತುಂಬದ ಮಗುವನ್ನು ಸೈಕಲ್ಲಿನಲ್ಲಿ ಒಯ್ಯುವಂತಿಲ್ಲ, ಒಂದರಿಂದ ನಾಲ್ಕು ವರ್ಷದವರಿಗೆ ಹೆಲ್ಮೆಟ್ಟೂ ಸುರಕ್ಷಾ ಸೀಟೂ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದೊಳಗಿನ ಎಲ್ಲರೂ ಹೆಲ್ಮೆಟ್ಟು ಧರಿಸಬೇಕು. ನಮ್ಮ ಇಲಿನಾಯ್ ರಾಜ್ಯದಲ್ಲಿ ಅಂಥ ಕಾನೂನಿಲ್ಲ. ಆದರೆ ನೆಲದ ಗಡಸುತನ ಎಲ್ಲ ರಾಜ್ಯಗಳಲ್ಲೂ ಒಂದೇ.

ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಮುಖ್ಯವಾಗಿ ಮೂರು ಏರ್ಪಾಡುಗಳುಂಟು. ಮೊದಲನೆಯದು ಸೈಕಲ್ಲಿನ ಹಿಂದೆ ಎಳೆದೊಯ್ಯುವ ಎರಡು ಗಾಲಿಯ ಪುಟ್ಟ ಬಂಡಿ. ಇದು ನೆಲಕ್ಕೆ ಸಮೀಪವಾಗಿರುವುದರಿಂದಲೂ, ಕೊಂಡಿ ತಿರುಗುವುದರಿಂದಾಗಿ ಸೈಕಲ್ಲು ಬಿದ್ದರೂ ಬಂಡಿ ಸಾಮಾನ್ಯವಾಗಿ ಉರುಳದಿರುವುದರಿಂದಲೂ ವೈದ್ಯರು ಇದನ್ನೇ ಹೆಚ್ಚು ಮೆಚ್ಚುತ್ತಾರೆ. ಎರಡು ಮಕ್ಕಳಿದ್ದರೆ ಇದೇ ಲೇಸು. ಆದರೆ ತಗ್ಗಾಗಿರುವ ಬಂಡಿ ಕಾರಿನವರ ಕಣ್ಣಿಗೆ ಬೇಗ ಬೀಳದು. ಅದಕ್ಕೆ ಉದ್ದನೆಯ ಕಡ್ಡಿಯ ಬಾವುಟ ಕಟ್ಟಿ, ವಾಹನ ಸಂಚಾರವಿಲ್ಲದ ಹಾದಿಯಲ್ಲೇ ಎಳೆಯಬೇಕು. ಎರಡನೆಯದು ಹಿಂಬದಿಯ ಸೀಟು. ಸಾಮಾನ್ಯವಾಗಿ 22 ಕಿಲೋ ತೂಕದವರೆಗೆ ಹೊರುತ್ತದೆ. ಮೂರನೆಯದು ಹ್ಯಾಂಡಲ್ಲಿನ ಹಿಂದೆ, ಸವಾರನ ತೋಳುಗಳ ನಡುವೆ ಕೂರಿಸುವ ಸೀಟು. ಇದರ ಮಿತಿ ಸಾಮಾನ್ಯವಾಗಿ 15 ಕಿಲೋ. ಮಗು ಕಣ್ಣೆದುರೇ ಇರುವುದು ಇದರ ಗುಣ, ಸವಾರನ ಮೊಣಕಾಲು ಸೀಟಿಗೆ ತಗಲುವುದು ದೋಷ. ಎಲ್ಲಕ್ಕೂ ತಯಾರಕರ ಕೈಪಿಡಿಯಲ್ಲಿ ನಮೂದಿಸಿರುವ ತೂಕದ ಮಿತಿಯೇ ಅಂತಿಮ.

ನೆರೆಯವರ ಬಂಡಿಯೊಂದನ್ನು ಎರವಲು ತಂದು ಎಳೆದು ನೋಡಿದೆ. ಬಂಡಿ ಉತ್ತಮವಾಗಿಯೇ ಇತ್ತು. ಆದರೆ ಮಗಳ ಮನೆಯ ಇಕ್ಕಟ್ಟಾದ ಗ್ಯಾರೇಜಿನಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಮೇಲಾಗಿ ಮೊಮ್ಮಗಳು ಮಾತಿನ ಮಲ್ಲಿ. ಬೆನ್ನ ಹಿಂದೆ ಆರು ಅಡಿ ದೂರದಿಂದ ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ನನ್ನ ಕಿವಿ ಸಾಲದು. ಆದ್ದರಿಂದ ಸೈಕಲ್ಲಿಗೆ ಎಂದಾದರೂ ಅಪ್ಪಣೆ ದೊರೆತರೆ ಹಿಂಬದಿಯ ಸೀಟೇ ಸರಿಯೆಂದು ನಿರ್ಧರಿಸಿದೆ. ವಿದ್ಯುತ್ ಮೋಟಾರಿನ ಭಾರ ಹೊರುವ ಸೈಕಲ್ಲುಗಳು ಈಗ ಬಳಕೆಗೆ ಬಂದಿವೆಯಾದರೂ ಒಳ್ಳೆಯದಕ್ಕೆ ಸಾವಿರಾರು ಡಾಲರ್ ತೆರಬೇಕು. ಕೊಳ್ಳುವ ಶಕ್ತಿಯಿರುವವರು ಬ್ಯಾಟರಿ ಮತ್ತು ವಿದ್ಯುತ್ ಭಾಗಗಳಿಗೆ ಯು.ಎಲ್. 2849 ಎಂಬ ಪ್ರಮಾಣಪತ್ರವಿದೆಯೇ ಎಂದು ನೋಡಿಕೊಳ್ಳಲಿ.

ಓಡುವುದಲ್ಲ, ನಿಲ್ಲುವುದು ಮುಖ್ಯ

ಅಂಗಡಿಗಳಲ್ಲಿ ಸೈಕಲ್ಲಿನ ವೇಗ, ಗೇರುಗಳ ಸಂಖ್ಯೆ, ಹಗುರತನಗಳ ವರ್ಣನೆ ಧಾರಾಳವಾಗಿ ದೊರೆಯುತ್ತದೆ. ಮಗುವನ್ನು ಹೊರುವ ಸೈಕಲ್ಲಿಗೆ ಇವು ಎರಡನೆಯ ದರ್ಜೆಯ ಗುಣಗಳು. ನನ್ನ ಮಗಳು ಬಿದ್ದದ್ದು ನಿಂತ ಸೈಕಲ್ಲಿನಿಂದ. ಮಗುವನ್ನು ಕೂರಿಸುವಾಗ, ಇಳಿಸುವಾಗ, ನಾವು ಹತ್ತುವಾಗ, ಅಡ್ಡರಸ್ತೆಯಲ್ಲಿ ತಡೆದು ನಿಲ್ಲುವಾಗ ಸೈಕಲ್ಲು ವಾಲುತ್ತದೆ. ಎತ್ತರದಲ್ಲಿ ಕುಳಿತ 12 ಕಿಲೋ ಜೀವ ಒಂದು ಕಡೆಗೆ ಬಾಗಿದರೆ ಅದನ್ನು ತಡೆಯಬೇಕಾದುದು ನಮ್ಮ ಎರಡು ಪಾದಗಳು. ಆದುದರಿಂದ ಮಗುವಿಗಾಗಿ ಸೈಕಲ್ಲು ಆರಿಸುವಾಗ ಅದು ಹೇಗೆ ಓಡುತ್ತದೆಂದು ನೋಡುವ ಮೊದಲು ಹೇಗೆ ನಿಲ್ಲುತ್ತದೆಂದು ನೋಡಬೇಕು. ನನ್ನ ಮೂರು ತಿಂಗಳ ಅಲೆದಾಟದ ಸಾರ ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಮೊದಲನೆಯದು ಸೈಕಲ್ಲಿನ ಚೌಕಟ್ಟು. ಹಿಂದೆ ಮಕ್ಕಳ ಸೀಟು ಇದ್ದಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತುವಂತಿಲ್ಲ, ಮಗುವಿನ ಮುಖಕ್ಕೇ ಬಡಿದೀತು. ಎತ್ತರದ ಬಾರಿದ್ದರೆ ಮುಂದಿನಿಂದ ಕಾಲೆತ್ತಿ ದಾಟಿಸುವಾಗ ಇಡೀ ಸೈಕಲ್ಲು ವಾಲುತ್ತದೆ. ತಗ್ಗಿದ ಬಾರಿನ ಸೈಕಲ್ಲಾದರೆ ಹೊಸ್ತಿಲು ದಾಟಿದಷ್ಟು ಸುಲಭವಾಗಿ ಒಳಗೆ ನಿಲ್ಲಬಹುದು. ಇದು ನಮ್ಮೂರಿನಲ್ಲಿ ‘ಲೇಡೀಸ್ ಸೈಕಲ್ಲು’ ಎನಿಸಿಕೊಳ್ಳುವ ಮಾದರಿ. ಸಂಕೋಚವಿಲ್ಲದೆ ಹೇಳುವುದಾದರೆ, ಈ ವಯಸ್ಸಿನಲ್ಲೂ ನನ್ನ ಮನಸ್ಸು ಹಿಂಜರಿಯಿತು. ಮನೆಯಾಕೆ ನಕ್ಕು, “ಏನ್ರೀ, ಬಾರು ತಗ್ಗಿದರೆ ನಿಮ್ಮ ಮೀಸೆಯೂ ತಗ್ಗುತ್ತದೆಯೇ?” ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ಎರಡನೆಯದು ಸೀಟಿನ ಎತ್ತರ. ಒಂಟಿಯಾಗಿ ತುಳಿಯುವಾಗ ಕಾಲು ಬಹುಮಟ್ಟಿಗೆ ಚಾಚುವಷ್ಟು ಎತ್ತರ ಬೇಕು. ಮಗು ಹಿಂದಿದ್ದಾಗ ಸೀಟನ್ನು ತುಸು ತಗ್ಗಿಸಿ, ಕುಳಿತಲ್ಲಿಂದಲೇ ಎರಡೂ ಪಾದಗಳು ನೆಲಕ್ಕೆ ಊರುವಂತೆ ಮಾಡಿಕೊಳ್ಳಬೇಕು. ತುಳಿಯಲು ಸ್ವಲ್ಪ ಶ್ರಮವಾದರೂ ನಿಲ್ಲಲು ಧೈರ್ಯ ಬರುತ್ತದೆ. ಸವಾರನ ಸೀಟಿನಡಿ ಬಿಡಿ ಸ್ಪ್ರಿಂಗುಗಳಿದ್ದರೆ ಅವನ್ನು ಮುಚ್ಚಬೇಕು ಅಥವಾ ಸೀಟನ್ನೇ ಬದಲಿಸಬೇಕು. ಹಿಂದೆ ಕುಳಿತ ಮಗುವಿನ ಬೆರಳುಗಳು ಸರಿಯಾಗಿ ಅಲ್ಲಿಗೇ ಹೋಗುತ್ತವೆ!

ಮೂರನೆಯದು ಸ್ಟ್ಯಾಂಡು. ತಂದೆಯವರ ಸೈಕಲ್ಲನ್ನು ಹಿಂದಕ್ಕೆಳೆದು ಸ್ಟ್ಯಾಂಡು ಹಾಕಿದರೆ ಹಿಂದಿನ ಚಕ್ರ ನೆಲದಿಂದ ಮೇಲೆದ್ದು, ಅದು ಮೇಜಿನಂತೆ ನೆಟ್ಟಗೆ ನಿಲ್ಲುತ್ತಿತ್ತು. ಇಲ್ಲಿನ ಸೈಕಲ್ಲುಗಳಿಗೆ ಬಹುಮಟ್ಟಿಗೆ ಇರುವುದು ಒಂಟಿಕಾಲು. ಎಷ್ಟೋ ಸೈಕಲ್ಲುಗಳಿಗೆ ಅದೂ ಇಲ್ಲ. ನಡುವಿಗೆ ಬಿಗಿಯುವ ಎರಡು ಕಾಲಿನ ಸ್ಟ್ಯಾಂಡನ್ನು ಪ್ರತ್ಯೇಕವಾಗಿ ಕೊಂಡು ಹಾಕಿಸಬಹುದು. ಹಾಗೆಂದು ಮಗುವನ್ನು ಅದರ ಭರವಸೆಯ ಮೇಲೆ ಬಿಟ್ಟುಹೋಗುವಂತಿಲ್ಲ. ಮಗು ಸೀಟಿನಲ್ಲಿರುವಷ್ಟು ಹೊತ್ತೂ ದೊಡ್ಡವರ ಒಂದು ಕೈ ಸೈಕಲ್ಲಿನ ಮೇಲಿರಲೇಬೇಕು. ಹೆಲ್ಮೆಟ್ಟನ್ನು ನೆಲದ ಮೇಲೆ ನಿಂತಾಗಲೇ ತೊಡಿಸಿ, ಅನಂತರ ಮಗುವನ್ನು ಎತ್ತಿ ಕೂರಿಸಬೇಕು. ಇಳಿಸುವಾಗ ಮಗು ಮೊದಲು, ಹೆಲ್ಮೆಟ್ಟು ಕೊನೆಗೆ. 1993ರಲ್ಲಿ ಈ ಒಂದು ಕ್ರಮ ನನಗೆ ಗೊತ್ತಿದ್ದಿದ್ದರೆ ಆ ಮೂರು ಹೊಲಿಗೆಗಳು ಬೀಳುತ್ತಿರಲಿಲ್ಲ.

ನಾಲ್ಕನೆಯದು ಬ್ರೇಕು, ಅಂದರೆ ಓಡುವುದನ್ನು ನಿಲ್ಲಿಸುವ ಶಕ್ತಿ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆಬೇರೆ ಬ್ರೇಕು ಇರಲೇಬೇಕು. ತೀರ ಹಳೆಯ ಸೈಕಲ್ಲುಗಳ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ಒದ್ದೆಯಾದರೆ ಬ್ರೇಕು ಹಿಡಿಯುವುದು ಬಹಳ ನಿಧಾನ. ಅಲ್ಯುಮಿನಿಯಂ ರಿಮ್ಮು ಇರುವುದನ್ನೇ ಆರಿಸಬೇಕು. 1996ರಲ್ಲಿ ಶಿಮಾನೋ ಸಂಸ್ಥೆ ಪ್ರಚಾರಕ್ಕೆ ತಂದ ವಿ-ಬ್ರೇಕುಗಳು ಬಲವಾಗಿಯೂ ಇರುತ್ತವೆ, ದುರಸ್ತಿಗೂ ಸುಲಭ. ಅದರ ಅನಂತರದ ವರ್ಷಗಳ ಹಳೆಯ ಸೈಕಲ್ಲುಗಳಲ್ಲಿ ಇವು ಸಾಮಾನ್ಯವಾಗಿ ದೊರೆಯುತ್ತವೆ. ಡಿಸ್ಕ್ ಬ್ರೇಕು ಇದ್ದರೆ ಇನ್ನೂ ಒಳ್ಳೆಯದೇ; ಆದರೆ ಮಕ್ಕಳ ಸೀಟಾಗಲಿ ಕ್ಯಾರಿಯರಾಗಲಿ ಅದಕ್ಕೆ ತಗಲದಂತೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಐದನೆಯದು ಚಕ್ರ. ಸುಮಾರು ಎರಡು ಇಂಚು ಅಗಲದ ಟೈರು ಭಾರವನ್ನು ನೆಮ್ಮದಿಯಾಗಿ ಹೊರುತ್ತದೆ, ಜಲ್ಲಿ ಹಾದಿಯಲ್ಲಿ ಜಾರದು. ಮಗುವಿನ ಪಾದಗಳು ಚಕ್ರದ ಕಡ್ಡಿಗಳಿಗೆ ಎಟುಕದಂತೆ ಸೀಟಿನ ಎರಡೂ ಪಕ್ಕ ತಡೆಯೂ, ಪಾದವಿಡಲು ಪಟ್ಟಿಯಿರುವ ಗೂಡೂ ಇರಬೇಕು. ಅಂಗಡಿಯಲ್ಲಿ ನಾನು ಮೊದಲು ಕೈಯಿಟ್ಟು ನೋಡಿದ್ದು ಆ ಗೂಡನ್ನೇ. ನನ್ನ ಹಿಮ್ಮಡಿ ನನಗೆ ಕಲಿಸಿದ ಪಾಠ ಅದು. ಇನ್ನು ಕಾರ್ಬನ್ ನಾರಿನ ಚೌಕಟ್ಟು, ಹಿಂದೆಯೂ ಸ್ಪ್ರಿಂಗಿರುವ ಸೈಕಲ್ಲು ಮುಂತಾದವುಗಳಿಗೆ ತಮ್ಮ ಸೀಟನ್ನು ಬಿಗಿಯಕೂಡದೆಂದು ಬಹುತೇಕ ತಯಾರಕರು ನಿಷೇಧಿಸುತ್ತಾರೆ. ಉಕ್ಕು ಅಥವಾ ಅಲ್ಯುಮಿನಿಯಂನ ಸರಳ ಚೌಕಟ್ಟೇ ನಮಗೆ ತಕ್ಕದ್ದು, ಅಗ್ಗವೂ ಅದೇ.

ಹಳೆಯದು ಯಾವುದು, ಹೊಸದು ಯಾವುದು?

‘ಅಗ್ಗ ಎಂದು ಮುಗ್ಗಿದ ಜೋಳ ತಂದಂತೆ’ ಎಂಬ ಗಾದೆ ನನಗೆ 1993ರಲ್ಲೂ ಬಾಯಿಪಾಠವಿತ್ತು. ಪಾಲಿಸಿರಲಿಲ್ಲ, ಅಷ್ಟೇ. ಈ ಸಲ ಒಂದು ಸೂತ್ರ ಮಾಡಿಕೊಂಡೆ: ಸೈಕಲ್ಲು ಹಳೆಯದಾದರೂ ಸರಿ, ಮಗುವಿನ ಮೈಗೆ ತಾಗುವುದೆಲ್ಲ ಹೊಸದಾಗಿರಬೇಕು. ಅತಿ ಅಗ್ಗದ ಹೊಸ ಸೈಕಲ್ಲಿಗಿಂತ, ಅದೇ ಬೆಲೆಗೆ ಸಿಗುವ ಒಳ್ಳೆಯ ತಯಾರಿಕೆಯ ಹಳೆಯ ಸೈಕಲ್ಲು ಬಹುತೇಕ ಉತ್ತಮ. ಸೀಟು ಮತ್ತು ಹೆಲ್ಮೆಟ್ಟುಗಳ ವಿಷಯ ಹಾಗಲ್ಲ. ಬಿಸಿಲಿನಲ್ಲಿದ್ದ ಪ್ಲಾಸ್ಟಿಕ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪೆಡಸಾಗಿರಬಹುದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು ಎರಡನೆಯ ಸಲ ಕಾಯುವುದೆಂಬ ಭರವಸೆಯಿಲ್ಲ. ಹೆಲ್ಮೆಟ್ಟಿನ ಒಳಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗದ ಚೀಟಿಯಿರಬೇಕು. 1999ರ ಮಾರ್ಚ್ 10ರ ನಂತರ ತಯಾರಾದ ಸೈಕಲ್ ಹೆಲ್ಮೆಟ್ಟುಗಳಿಗೆ ಇದು ಕಡ್ಡಾಯ. ಎಳೆಯ ಮಕ್ಕಳ ಹೆಲ್ಮೆಟ್ಟು ತಲೆಯ ಹೆಚ್ಚಿನ ಭಾಗವನ್ನು ಮುಚ್ಚಬೇಕೆಂದು ಆ ನಿಯಮವೇ ವಿಧಿಸುತ್ತದೆ. ‘ಬೆಳೆಯುವ ಮಗು, ಒಂದು ಸೈಜು ದೊಡ್ಡದೇ ಇರಲಿ’ ಎಂಬ ನಮ್ಮ ಬಟ್ಟೆ ಅಂಗಡಿಯ ಜಾಣತನವನ್ನು ಇಲ್ಲಿ ಬಳಸಬಾರದು.

ಹಳೆಯ ಸೈಕಲ್ಲಿಗೆ ಶಿಕಾಗೋ ಸೀಮೆಯಲ್ಲಿ ಬರವಿಲ್ಲ. ಶ್ವಿನ್ ಸಂಸ್ಥೆ ಹುಟ್ಟಿದ್ದು 1895ರಲ್ಲಿ, ಇದೇ ನಗರದಲ್ಲಿ. ಹಲವು ದಶಕ ಈ ದೇಶದ ಮಕ್ಕಳೆಲ್ಲ ಆ ಹೆಸರನ್ನು ಹಂಬಲಿಸುತ್ತಿದ್ದರು. 1992ರಲ್ಲಿ ಸಂಸ್ಥೆ ದಿವಾಳಿಯಾಗಿ, ಹೆಸರು ಉಳಿದು ಒಡೆತನ ಕೈ ಬದಲಾಯಿಸಿತು. ಆದ್ದರಿಂದ ಹಳೆಯ ಕೀರ್ತಿಯ ಹೆಸರನ್ನಷ್ಟೇ ನೋಡದೆ, ಎದುರಿಗಿರುವ ವಸ್ತುವನ್ನು ನೋಡಬೇಕು. 1999ರಲ್ಲಿ ಶಿಕಾಗೋದಲ್ಲಿ ಪ್ರಾರಂಭವಾದ ‘ವರ್ಕಿಂಗ್ ಬೈಕ್ಸ್’ ಎಂಬ ಲಾಭರಹಿತ ಸಂಸ್ಥೆ ದಾನವಾಗಿ ಬಂದ ಹಳೆಯ ಸೈಕಲ್ಲುಗಳನ್ನು ದುರಸ್ತಿ ಮಾಡಿ ಮಾರುತ್ತದೆ, ಹೊರದೇಶಗಳಿಗೂ ಕಳುಹಿಸುತ್ತದೆ. ಇಂಥ ಸಂಸ್ಥೆಗಳು ಈ ದೇಶದ ಅನೇಕ ನಗರಗಳಲ್ಲಿವೆ.

ಹಳೆಯದನ್ನು ಪರೀಕ್ಷಿಸಲು ಪಾಂಡಿತ್ಯ ಬೇಡ. ಚಕ್ರವನ್ನು ಎತ್ತಿ ತಿರುಗಿಸಿ. ಬ್ರೇಕಿನ ರಬ್ಬರುಗಳ ನಡುವೆ ರಿಮ್ಮು ಅತ್ತಿತ್ತ ಓಲಾಡಬಾರದು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ಲಿನ ಬುಡದಲ್ಲಿ ಕಟಕಟ ಸದ್ದು ಬರಬಾರದು. ಬ್ರೇಕನ್ನು ಪೂರ್ತಿ ಒತ್ತಿದರೂ ಅದರ ಹಿಡಿ ಹ್ಯಾಂಡಲ್ಲಿಗೆ ತಾಗಬಾರದು. ಬೆಸುಗೆಗಳ ಬಳಿ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಸೈಕಲ್ಲನ್ನು ಅಲ್ಲೇ ಬಿಟ್ಟು ಬನ್ನಿ. ಕೊನೆಗೊಮ್ಮೆ ಪರಿಣತರ ಕೈಯಿಂದ ನೋಡಿಸಿ; ಆ ಮಜೂರಿಯಲ್ಲಿ ಉಳಿತಾಯ ಮಾಡಬೇಡಿ.

ನನ್ನ ಲೆಕ್ಕ ಹೀಗಾಯಿತು. ರಿಪೇರಿ ಅಂಗಡಿಯೊಂದರಲ್ಲಿ ಸಿಕ್ಕ ತಗ್ಗಿದ ಬಾರಿನ ಏಳು ಗೇರಿನ ಹಳೆಯ ಸೈಕಲ್ಲು 140 ಡಾಲರ್. ಹೊಸ ಬ್ರೇಕಿನ ರಬ್ಬರು, ತಂತಿ ಹಾಗೂ ಮಜೂರಿ 95. ಎರಡು ಅಗಲವಾದ ಟೈರು 60. ಚೌಕಟ್ಟಿಗೆ ಬಿಗಿಯುವ ಹೊಸ ಮಕ್ಕಳ ಸೀಟು 130. ಎರಡು ಕಾಲಿನ ಸ್ಟ್ಯಾಂಡು 45. ಅವಳಿಗೊಂದು, ನನಗೊಂದು ಹೆಲ್ಮೆಟ್ಟು 80. ಬೆಲ್ಲು, ದೀಪಗಳು 35. ಒಟ್ಟು 585. ಸೈಕಲ್ಲಿಗೆ ತೆತ್ತದ್ದು ಒಟ್ಟಿನ ಕಾಲುಭಾಗಕ್ಕೂ ಕಡಿಮೆ, ಉಳಿದದ್ದೆಲ್ಲ ಅದನ್ನು ಮಗುವಿಗೆ ತಕ್ಕದ್ದಾಗಿ ಮಾಡಲು. ಸೈಕಲ್ಲಿಗೆಂದೇ ಎಲ್ಲ ಹಣವನ್ನೂ ಸುರಿದು, ಉಳಿದವುಗಳಲ್ಲಿ ಜಿಪುಣತನ ಮಾಡುವವರು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತಾರೆ.

ಸೋನಾ ಮಸೂರಿಯ ಸವಾರಿ

ಸೈಕಲ್ಲು ಸಿದ್ಧವಾಯಿತು. ಸವಾರ ಸಿದ್ಧನೇ? ಅರವತ್ತಾರು ವರ್ಷದ ಮೊಣಕಾಲುಗಳನ್ನೂ ಸಮತೋಲವನ್ನೂ ನಂಬುವುದು ಹೇಗೆ? ವೈದ್ಯರನ್ನು ಕಂಡು ಬಂದೆ. ಮೊದಲ ಎರಡು ವಾರ ಒಬ್ಬನೇ ತುಳಿದೆ. ಅನಂತರ 20 ಪೌಂಡಿನ ಸೋನಾ ಮಸೂರಿ ಅಕ್ಕಿಯ ಚೀಲವನ್ನು ಮಕ್ಕಳ ಸೀಟಿನಲ್ಲಿ ಕೂರಿಸಿ, ಮೇಲೆ 4 ಪೌಂಡಿನ ತೊಗರಿಬೇಳೆ ಇಟ್ಟು, ಪಟ್ಟಿ ಬಿಗಿದೆ. ಮೊಮ್ಮಗಳ ತೂಕಕ್ಕೆ ಅದು ಹತ್ತಿರ. ಆ ಭಾರವನ್ನು ಹೊತ್ತು ಬಡಾವಣೆಯ ರಸ್ತೆಗಳಲ್ಲಿ ಮೂರು ವಾರ ಸುತ್ತಿದೆ. ಹತ್ತುವುದು, ಇಳಿಯುವುದು, ತಟ್ಟನೆ ನಿಲ್ಲುವುದು, ಒಂದು ಕೈ ಬಿಟ್ಟು ತಿರುವಿನ ಸಂಜ್ಞೆ ಮಾಡುವುದು, ಎಲ್ಲವನ್ನೂ ಮೊದಲಿನಿಂದ ಕಲಿತೆ. ಎರಡನೆಯ ದಿನವೇ ಚೀಲದೊಂದಿಗೆ ವಾಲಿ ಬಿದ್ದೆ. ಬೇಳೆಯ ಪೊಟ್ಟಣ ಒಡೆದು ರಸ್ತೆಯ ತುಂಬ ತೊಗರಿಬೇಳೆ. ಅದನ್ನು ಗುಡಿಸಿ ಬಳಿಯುವಾಗ, ಹಿಂದೆ ಇದ್ದದ್ದು ಬೇಳೆ ಮಾತ್ರವೆಂಬ ಸಮಾಧಾನಕ್ಕೆ ಕಣ್ಣಲ್ಲಿ ನೀರು ಬಂದಿತು. ಪ್ರತಿಯೊಬ್ಬ ತಂದೆತಾಯಿಯೂ ತಾತನೂ ಅಜ್ಜಿಯೂ ಮಗುವಿಗೆ ಮೊದಲು ಅಕ್ಕಿಯನ್ನೇ ಕೂರಿಸಲಿ ಎಂಬುದು ನನ್ನ ಕಳಕಳಿಯ ವಿನಂತಿ.

ನನ್ನ ಈ ಸಾಹಸವನ್ನು ಮಗಳು ಕಂಡದ್ದು ಐದನೆಯ ವಾರ. ಮನೆಯ ಮುಂದೆ ಕಾರು ನಿಲ್ಲಿಸಿ, ಅಕ್ಕಿಯ ಚೀಲಕ್ಕೆ ಪಟ್ಟಿ ಬಿಗಿಯುತ್ತಿದ್ದ ನನ್ನನ್ನು ಸುಮಾರು ಹೊತ್ತು ನೋಡಿದಳು. ಏನೂ ಕೇಳಲಿಲ್ಲ. ಒಳಗೆ ಹೋಗಿ ತಾಯಿಯೊಂದಿಗೆ ಬಹಳ ಹೊತ್ತು ಮಾತನಾಡಿದಳು. ಹೊರಡುವ ಮುನ್ನ ಸೀಟನ್ನು ಎರಡೂ ಕೈಯಿಂದ ಹಿಡಿದು ಬಲವಾಗಿ ಅಲುಗಿಸಿದಳು, ಅದು ಅಲುಗಲಿಲ್ಲ. ಒಂದು ವಾರದ ಮೇಲೆ ದೂರವಾಣಿಯಲ್ಲಿ, “ಅಪ್ಪಾ, ಕಾರು ಓಡಾಡದ ಜಾಗವಾದರೆ ಮಾತ್ರ. ನಾನೂ ಜೊತೆಗೆ ಬರುತ್ತೇನೆ,” ಎಂದಳು.

ಕಾರು ಓಡಾಡದ ಜಾಗ ನಮಗೆ ಹತ್ತಿರದಲ್ಲೇ ಇತ್ತು. ಶಿಕಾಗೋದಿಂದ ಪಶ್ಚಿಮಕ್ಕೆ ಅರೋರಾ ಮತ್ತು ಎಲ್ಜಿನ್ ಊರುಗಳಿಗೆ ಹೋಗುತ್ತಿದ್ದ ವಿದ್ಯುತ್ ರೈಲು 1957ರಲ್ಲಿ ಪ್ರಯಾಣಿಕರ ಸೇವೆಯನ್ನು ನಿಲ್ಲಿಸಿತು. ಹಳಿಯ ಜಾಗ ಪಾಳುಬಿದ್ದಿತ್ತು. ಮಾರ್ಟನ್ ಆರ್ಬೊರೀಟಮ್ ಎಂಬ ಸಸ್ಯೋದ್ಯಾನದಲ್ಲಿ ಪ್ರಕೃತಿ ಪಾಠ ಹೇಳುತ್ತಿದ್ದ ಮೇ ವಾಟ್ಸ್ ಎಂಬ ಮಹಿಳೆ, ಅದನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಉಳಿಸಿಕೊಳ್ಳೋಣವೆಂದು 1963ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಓಲೆ ಬರೆದರು. ಆ ಓಲೆಯ ಫಲವೇ ಸುಮಾರು 60 ಮೈಲಿ ಉದ್ದದ ಇಲಿನಾಯ್ ಪ್ರೇರಿ ಪಾತ್. ಬಹುಭಾಗ ನುಣುಪಾದ ಸುಣ್ಣಕಲ್ಲಿನ ಪುಡಿಯ ಹಾದಿ, ಎರಡೂ ಕಡೆ ಮರಗಳು. ಇಂಥ ಹಳೆಯ ರೈಲುದಾರಿಗಳು ಈಗ ದೇಶದ ಬಹುತೇಕ ರಾಜ್ಯಗಳಲ್ಲಿವೆ. ನಿಮ್ಮ ಊರಿನ ಸಮೀಪದ ಹಾದಿಯನ್ನು ಮೊದಲು ನೋಡಿಕೊಂಡು, ಅದಕ್ಕೆ ತಕ್ಕ ಸೈಕಲ್ಲನ್ನು ಆಮೇಲೆ ಹುಡುಕಿ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ವೀಟನ್ ಊರಿನಲ್ಲಿ ಆ ಹಾದಿಯ ಮೇಲೆ ನಿಂತೆವು. ಮಗಳು ತನಗೊಂದು ಸೈಕಲ್ಲನ್ನು ಬಾಡಿಗೆಗೆ ತಂದಿದ್ದಳು. ಮೊಮ್ಮಗಳಿಗೆ ನೆಲದ ಮೇಲೆಯೇ ಹೆಲ್ಮೆಟ್ಟು ತೊಡಿಸಿ, ಗಲ್ಲದಡಿಯ ಪಟ್ಟಿಯಲ್ಲಿ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಬಿಟ್ಟೆ. ಎತ್ತಿ ಕೂರಿಸಲು ಬಾಗಿದಾಗ ಮಗಳು ಬಂದು ಹ್ಯಾಂಡಲ್ಲನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿದುಕೊಂಡಳು. “ನಾನು ಹಿಡಿದಿದ್ದೇನೆ ಅಪ್ಪಾ, ನೀವು ಕೂರಿಸಿ,” ಎಂದಳು.

ಒಂದು ಮೈಲಿ ಹೋದೆವು, ಒಂದು ಮೈಲಿ ಮರಳಿದೆವು. “ತಾತ, ರೈಲು ಎಲ್ಲಿ ಹೋಯಿತು?” ಎಂದು ಮೊಮ್ಮಗಳು ದಾರಿಯುದ್ದಕ್ಕೂ ಕೇಳುತ್ತಿದ್ದಳು. ನಮ್ಮ ಹಿಂದೆ ಹತ್ತು ಅಡಿ ಅಂತರದಲ್ಲಿ ಮಗಳ ಸೈಕಲ್ಲಿನ ಸದ್ದು ಕೇಳುತ್ತಲೇ ಇತ್ತು. ತಂದೆಯವರು ಇದ್ದಿದ್ದರೆ ಅವರಿಗೊಂದು ಓಲೆ ಬರೆಯುತ್ತಿದ್ದೆ.

ಮೊಮ್ಮಗಳಿಗೆ ಈಗ ಪೆಡಲಿಲ್ಲದ, ಕಾಲಿನಿಂದ ನೆಲವನ್ನು ತಳ್ಳಿ ಓಡಿಸುವ ಪುಟ್ಟ ಸೈಕಲ್ಲೂ ಬಂದಿದೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ನಿರ್ಮಿಸಿದ ಮೊತ್ತಮೊದಲ ಎರಡು ಗಾಲಿಯ ಯಂತ್ರಕ್ಕೂ ಪೆಡಲಿರಲಿಲ್ಲ. ಸಮತೋಲವನ್ನು ಮೊದಲು ಕಲಿಸಿ, ತುಳಿಯುವುದನ್ನು ಆಮೇಲೆ ಕಲಿಸುವ ಈ ಕ್ರಮ ನಮ್ಮ ಒಳಪೆಡಲಿಗಿಂತ ಮೊಣಕಾಲುಗಳಿಗೆ ಹಿತಕರ. ಅವಳು ಹಿಂಬದಿಯ ಸೀಟನ್ನು ಬಿಟ್ಟು ಇಳಿಯುವ ದಿನ ದೂರವಿಲ್ಲ. ಮಗುವನ್ನು ಹೊರುವ ಸೈಕಲ್ಲಿನ ಆಯುಷ್ಯ ಮೂರು ನಾಲ್ಕು ವರ್ಷ ಮಾತ್ರ. ಆದುದರಿಂದಲೇ ಅದಕ್ಕೆ ಸಾಲ ಮಾಡಬೇಕಾಗಿಲ್ಲ. ಎಚ್ಚರವೊಂದನ್ನು ಧಾರಾಳವಾಗಿ ವ್ಯಯಿಸಿದರೆ ಸಾಕು.

ಸಮ್ಮೇಳನ ಮುಗಿಸಿ ಊರಿಗೆ ಮರಳಿದ ಮೇಲೆ, ಗ್ಯಾರೇಜಿನ ಮೂಲೆಯಲ್ಲಿ ಧೂಳು ಹಿಡಿದ ಸೈಕಲ್ಲೊಂದಿದ್ದರೆ ಅದನ್ನೊಮ್ಮೆ ಹೊರಗೆ ತನ್ನಿ. ಹತ್ತಿ ಕುಳಿತು, ಎರಡೂ ಪಾದಗಳನ್ನು ನೆಲಕ್ಕೂರಿ, ಸುಮ್ಮನೆ ನಿಂತು ನೋಡಿ. ಅಲ್ಲಿಂದ ಮುಂದಿನ ನಿರ್ಧಾರ ನಿಮ್ಮದು. ನಿಮ್ಮ ಮನೆಯ ಎಳೆಯರ ಸವಾರಿ ಸುಖಕರವಾಗಲಿ.